ಕಿಟಕಿಯ ಹಸಿರು ಧೂಳು

ಮನೆಗೆ ಬಣ್ಣ ಬಳಿಯುತ್ತೇವೆ ಎಂದು ಬೀದಿಯಲ್ಲಿ ಒಮ್ಮೆ ಬಾಯಿ ಬಿಟ್ಟು ನೋಡಿ. ಕೇಳಿದವರೂ ಹೇಳುತ್ತಾರೆ, ಕೇಳದವರೂ ಹೇಳುತ್ತಾರೆ. ಒಬ್ಬರಿಗೆ ಹಳದಿ ಚೆಂದ, ಇನ್ನೊಬ್ಬರಿಗೆ ಹಳದಿ ಕಂಡರೆ ತಲೆನೋವು. ಸುಣ್ಣವೇ ಒಳ್ಳೆಯದು ಎನ್ನುವವರು ಒಬ್ಬರು, ಈ ಕಾಲದಲ್ಲಿ ಸುಣ್ಣ ಯಾರು ಬಳಿಯುತ್ತಾರೆ ಎಂದು ನಗುವವರು ಮತ್ತೊಬ್ಬರು. ಕೊನೆಗೆ ಮನೆಯವರ ತಲೆಯೇ ಬಣ್ಣ ಕಲಸಿದ ಡಬ್ಬಿಯಾಗುತ್ತದೆ.

ಹೊಲಿಗೆಯಕ್ಕನ ಮನೆಯಲ್ಲಿ ಆದದ್ದೂ ಅದೇ.

ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವುದು ಅವಳ ಕೆಲಸ. ಅದಕ್ಕೇ ಬೀದಿಯವರಿಗೆಲ್ಲ ಅವಳು ಹೊಲಿಗೆಯಕ್ಕ. ಗಂಡ ಬಸ್ಸಿನ ಡ್ರೈವರ್. ಬೆಳಿಗ್ಗೆ ಹೋದರೆ ಸಂಜೆಗೆ ಬರುವವನು. ಮಾವ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು. ಮೊಳೆ ಎಂದರೆ ಗೋಡೆಗೆ ಹೊಡೆಯುವ ಮೊಳೆಯಲ್ಲ. ಹಿಂದೆ ಪುಸ್ತಕ, ಕರಪತ್ರಗಳನ್ನು ಅಚ್ಚು ಹಾಕಲು ಬಳಸುತ್ತಿದ್ದ ಸೀಸದ ಅಕ್ಷರದ ತುಂಡು. ಆ ಅಚ್ಚುಕೂಟ ಮುಚ್ಚಿ ಎಷ್ಟೋ ಕಾಲವಾಗಿದೆ. ಆದರೂ ಬೀದಿಗೆ ಅವರು ಮೊಳೆ ತಾತನೇ.

ಇನ್ನುಳಿದವಳು ಬುಗುರಿ. ಹೊಲಿಗೆಯಕ್ಕನ ಮಗಳು, ಎರಡು ವರ್ಷ ತುಂಬಿದವಳು. ನಿಂತಲ್ಲೇ ಗಿರ್ರನೆ ತಿರುಗಿ, ತಲೆ ಸುತ್ತಿ, ಧೊಪ್ಪನೆ ಕೂತು ಕಿಲಕಿಲ ನಗುವುದು ಅವಳ ಆಟ. ಹೀಗಾಗಿ ಆ ಹೆಸರು.

ಅವರು ಆ ಮನೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಹಳೆಯ ಮನೆ. ಮುಂದೊಂದು ಕೋಣೆ, ಒಳಗೊಂದು ಕೋಣೆ, ಹಿಂದೆ ಅಡುಗೆಮನೆ. ಒಳಕೋಣೆಯ ಗೋಡೆ ಮಂಕಾಗಿತ್ತು. ಮುಂದಿನ ಕೋಣೆಯ ಎರಡು ಕಿಟಕಿಗಳ ಮರಕ್ಕೆ ಬಳಿದಿದ್ದ ಹಸಿರು ಬಣ್ಣ ಬಿಸಿಲಿಗೆ ಬಿರಿದು, ಹಾವಿನ ಪೊರೆಯಂತೆ ಚಕ್ಕೆಯೆದ್ದಿತ್ತು. ಹೊಲಿಗೆಯಕ್ಕ ಮತ್ತೆ ಗರ್ಭಿಣಿ. ಹೊಸ ಕೂಸು ಬರುವುದರೊಳಗೆ ಮನೆಯ ಒಳಗೆಲ್ಲ ಒಂದು ಕೈ ಬಣ್ಣ ಬಳಿದುಬಿಡೋಣ ಎಂದು ಅವಳಿಗೆ ಆಸೆ.

"ಒಳಕೋಣೆ ನಾನು ನೋಡ್ಕೋತೀನಿ. ರಜೆ ಸಿಕ್ಕಾಗೆಲ್ಲ ಒಂದೊಂದು ಗೋಡೆ" ಎಂದ ಗಂಡ.

"ಕಿಟಕಿ ನನಗೆ ಬಿಡು. ಸಣ್ಣ ಕೆಲಸ, ನಿಧಾನದ ಕೆಲಸ. ನನ್ನ ಕೈಗೆ ಅದೇ ಸರಿ" ಎಂದರು ಮೊಳೆ ತಾತ.

ಎದುರುಮನೆ ದೊಡ್ಡಮ್ಮನಿಗೆ ಸುದ್ದಿ ತಲುಪಲು ಹೊತ್ತಾಗಲಿಲ್ಲ. ಬಾಗಿಲಲ್ಲೇ ನಿಂತು ಹುಬ್ಬು ಗಂಟಿಕ್ಕಿದರು.

"ಬಸುರಿ ಹೆಂಗಸು ಇರೋ ಮನೇಲಿ ಈಗ ಬಣ್ಣಾನಾ? ಆ ವಾಸನೆ ಇದ್ಯಲ್ಲ, ಅದು ವಿಷ ಕಣೇ. ಹೊಟ್ಟೇಲಿರೋ ಕೂಸಿಗೂ ಒಳ್ಳೇದಲ್ಲ, ಈ ಬುಗುರಿಗೂ ಒಳ್ಳೇದಲ್ಲ."

"ಅಂಗಡಿಯವನು ವಾಸನೆ ಇಲ್ಲದ ಬಣ್ಣ ಕೊಟ್ಟಿದ್ದಾನೆ, ದೊಡ್ಡಮ್ಮ" ಎಂದಳು ಹೊಲಿಗೆಯಕ್ಕ.

"ವಾಸನೆ ಇಲ್ಲದ ಬಣ್ಣ ಇರುತ್ತಾ? ಉಪ್ಪಿಲ್ಲದ ಸಮುದ್ರ ಇರುತ್ತಾ? ಅವನು ಮಾರೋಕೆ ಹೇಳ್ತಾನೆ, ನೀನು ನಂಬ್ತೀಯಾ. ನನ್ನ ಮಾತು ಕೇಳು. ಒಳಗಡೆ ಬಣ್ಣ ಬಳಿಯೋವಷ್ಟು ದಿನ ನೀನೂ ಮಗೂನೂ ಮುಂದಿನ ಕೋಣೇಲೇ ಇರಿ."

ಮಾತು ಸರಿಯೆನಿಸಿತು. ಹೊಲಿಗೆಯ ಯಂತ್ರ ಮುಂದಿನ ಕೋಣೆಗೆ ಬಂತು. ಮಗುವಿನ ಹಾಸಿಗೆ ಬಂತು, ಆಟದ ಸಾಮಾನು ಬಂತು. ಒಳಕೋಣೆಯ ಬಾಗಿಲಿಗೆ ಹಳೆಯ ಬಟ್ಟೆ ಅಡ್ಡ ಕಟ್ಟಿದರು. "ಒಳಗೆ ಹೋಗ್ಬಾರ್ದು, ಗುಮ್ಮ ಇದೆ" ಎಂದು ಬುಗುರಿಗೆ ಹೇಳಿದರು.

ಆ ಮುಂದಿನ ಕೋಣೆಯಲ್ಲೇ ಮೊಳೆ ತಾತ ಕಿಟಕಿ ಕೆರೆಯುತ್ತಿದ್ದರು.

ತಗಡಿನ ಪಟ್ಟಿಯಿಂದ ಮೊದಲು ಚಕ್ಕೆ ಎಬ್ಬಿಸುವುದು, ಆಮೇಲೆ ಉಪ್ಪುಕಾಗದ ಹಿಡಿದು ಮರ ನುಣುಪಾಗುವವರೆಗೆ ಉಜ್ಜುವುದು. ಅಚ್ಚುಕೂಟ ಬಿಟ್ಟ ಮೇಲೆ ಅವರ ಕೈಗೆ ಇಷ್ಟು ಹಿಡಿಸಿದ ಕೆಲಸ ಸಿಕ್ಕಿರಲಿಲ್ಲ. ಹಸಿರಿನ ಕೆಳಗೆ ನೀಲಿ ಬಂತು. ನೀಲಿಯ ಕೆಳಗೆ ಕೆಂಪು ಮಣ್ಣಿನ ಬಣ್ಣ.

"ನೋಡೇ ಬುಗುರಿ, ಈ ಕಿಟಕಿ ನಿನ್ನ ತಾತನಿಗಿಂತ ದೊಡ್ಡದು. ಎಷ್ಟು ಅಂಗಿ ಹಾಕ್ಕೊಂಡಿದೆ ನೋಡು!"

ಬುಗುರಿ ಅವರ ಕಾಲ ಬುಡದಲ್ಲೇ ಕೂರುತ್ತಿದ್ದಳು. ಉಜ್ಜಿದಂತೆಲ್ಲ ಹಿಟ್ಟಿನಂಥ ನಯವಾದ ಧೂಳು ನೆಲದ ಮೇಲೆ ಉದುರುತ್ತಿತ್ತು. ಅವಳು ಅದರಲ್ಲಿ ಬೆರಳಾಡಿಸಿ ಗೆರೆ ಎಳೆಯುತ್ತಿದ್ದಳು. ತಾತ ಬಗ್ಗಿ ಒಂದು ಅಕ್ಷರ ಬರೆದರೆ ಅದರ ಪಕ್ಕ ತಾನೂ ಒಂದು ಸೊಟ್ಟ ಗೆರೆ. ಆಮೇಲೆ ಅದೇ ಬೆರಳು ಬಾಯಿಗೆ. ಅದೇ ಕೈಯಲ್ಲಿ ಬಾಳೆಹಣ್ಣು. ಸಂಜೆ ಹೊಲಿಗೆಯಕ್ಕ ಪೊರಕೆ ಹಿಡಿದು ಗುಡಿಸಿದರೆ ಬಿಸಿಲುಕೋಲಿನಲ್ಲಿ ಧೂಳು ಹೊಳೆಯುತ್ತ ಏಳುತ್ತಿತ್ತು. ಯಾರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕೆಟ್ಟ ವಾಸನೆ ಇಲ್ಲ, ಕಣ್ಣುರಿ ಇಲ್ಲ, ಕೆಮ್ಮು ಇಲ್ಲ. ಧೂಳು ತಾನೇ!

ಒಂದು ಕಿಟಕಿ ಮುಗಿಯಲು ಕೆಲವು ವಾರ ಹಿಡಿಯಿತು. ಆ ಹೊತ್ತಿಗೆ ಬುಗುರಿಗೆ ಏನೋ ಆಗಿತ್ತು.

ಮೊದಲು ಊಟ ಬಿಟ್ಟಳು. ತುತ್ತು ಬಾಯಿಗಿಟ್ಟರೆ ಉಗುಳುವಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಅಳು. ಕಕ್ಕ ಸರಿಯಾಗಿ ಆಗುತ್ತಿರಲಿಲ್ಲ. ಸುಮ್ಮನೆ ರಗಳೆ, ಎತ್ತಿಕೊಂಡರೆ ಇಳಿಸು, ಇಳಿಸಿದರೆ ಎತ್ತಿಕೋ. ಮುಖ ಬಿಳಿಚಿಕೊಂಡಿತ್ತು. ಗಿರ್ರನೆ ತಿರುಗುವುದಂತೂ ನಿಂತೇಹೋಯಿತು. ಗೋಡೆಗೊರಗಿ ಸುಮ್ಮನೆ ಕೂರುತ್ತಿದ್ದಳು.

"ಹಲ್ಲು ಬರ್ತಿದೆ ಅನ್ಸುತ್ತೆ" ಎಂದ ಗಂಡ.

"ಬರೋ ಹಲ್ಲೆಲ್ಲ ಬಂದಾಯ್ತು. ಜಂತುಹುಳ ಇರ್ಬೇಕು" ಎಂದರು ಮೊಳೆ ತಾತ.

"ಹುಳಾನೂ ಅಲ್ಲ, ಹಲ್ಲೂ ಅಲ್ಲ" ಎಂದರು ದೊಡ್ಡಮ್ಮ. "ತಾಯಿ ಹೊಟ್ಟೇಲಿ ಇನ್ನೊಂದು ಇದೆ ಅಂತ ಮಗೂಗೆ ಗೊತ್ತಾಗಿದೆ. ಹೊಟ್ಟೆಕಿಚ್ಚು. ನನ್ನ ದೊಡ್ಡ ಮಗಾನೂ ಹೀಗೇ ಮಾಡಿದ್ದ."

ಜಂತುಹುಳದ ಔಷಧಿ ಕೊಟ್ಟಾಯಿತು. ಏನೂ ಆಗಲಿಲ್ಲ. ಮಡಿಲಲ್ಲಿ ಹೆಚ್ಚು ಹೊತ್ತು ಇಟ್ಟುಕೊಂಡು ಮುದ್ದು ಮಾಡಿದ್ದಾಯಿತು. ಅದಕ್ಕೂ ಬಗ್ಗಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತೆ ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಿದ್ದರು. ನಡುವೆ ಹೊಲಿಗೆಯಕ್ಕ ಸೂಜಿಗೆ ದಾರ ಹಾಕಲೂ ಆಗದೆ ಕೂತಿದ್ದಳು.

ಕೊನೆಗೆ ಅವಳಿಗೇ ಅನಿಸಿತು. "ರೀ, ಬಣ್ಣದ ವಾಸನೇನೇ ಇರ್ಬೇಕು. ದೊಡ್ಡಮ್ಮ ಮೊದಲೇ ಹೇಳಿದ್ರು."

ಗಂಡ ಒಳಕೋಣೆಗೆ ಹೋಗಿ ಗೋಡೆಗೆ ಮೂಗು ತಾಗಿಸಿ ಮೂಸಿದ. ಏನೂ ತಿಳಿಯಲಿಲ್ಲ. "ಅಪ್ಪಾ, ನೀನೊಂದ್ಸಲ ನೋಡು" ಎಂದ. ಮೊಳೆ ತಾತನೂ ಮೂಸಿದರು. ಬಾಗಿಲಲ್ಲಿದ್ದ ದೊಡ್ಡಮ್ಮ ತಡೆಯಲಾರದೆ ತಾವೂ ಬಂದು ಮೂಸಿದರು. ಮೂವರು ದೊಡ್ಡವರು ಗೋಡೆಗೆ ಮೂಗಿಟ್ಟು ನಿಂತದ್ದನ್ನು ನೋಡಿ ಬೇರೆ ದಿನವಾಗಿದ್ದರೆ ಹೊಲಿಗೆಯಕ್ಕ ಬಿದ್ದು ಬಿದ್ದು ನಗುತ್ತಿದ್ದಳು.

"ಸ್ವಲ್ಪ ಇದೆ" ಎಂದರು ದೊಡ್ಡಮ್ಮ.

"ಏನೂ ಇಲ್ಲ" ಎಂದರು ಮೊಳೆ ತಾತ.

"ಇದ್ಯೋ ಇಲ್ವೋ, ಮಗು ಈ ಕಡೆ ಬರೋದೇ ಬೇಡ" ಎಂದ ಗಂಡ. ಅಂದಿನಿಂದ ಬುಗುರಿಯನ್ನು ಒಳಕೋಣೆಯ ಹೊಸಿಲು ದಾಟಲೂ ಬಿಡಲಿಲ್ಲ. ಊಟ, ನಿದ್ದೆ, ಆಟ ಎಲ್ಲವೂ ಮುಂದಿನ ಕೋಣೆಯಲ್ಲೇ. ಮೊಳೆ ತಾತ ಎರಡನೆಯ ಕಿಟಕಿಗೆ ಕೈ ಹಾಕಿದ್ದರು. ಮಗು ಮಂಕಾಗಿದೆ ಎಂದು ಮರುಗಿ, ಉಜ್ಜುತ್ತ ಉಜ್ಜುತ್ತ ಅವಳನ್ನು ತೊಡೆಯ ಮೇಲೇ ಕೂರಿಸಿಕೊಳ್ಳುತ್ತಿದ್ದರು.

ಬುಗುರಿಗೆ ಇನ್ನೂ ಹೆಚ್ಚಾಯಿತು.

ನರ್ಸಮ್ಮ ಆ ಮನೆಗೆ ಬಂದದ್ದು ಬುಗುರಿಗಾಗಿ ಅಲ್ಲ. ಬೀದಿಬೀದಿ ತಿರುಗಿ ಗರ್ಭಿಣಿಯರನ್ನು ನೋಡುವುದು ಅವರ ಕೆಲಸ. ಹೊಲಿಗೆಯಕ್ಕನ ಕಾಲು ಊದಿದೆಯೇ, ಮಾತ್ರೆ ನುಂಗುತ್ತಿದ್ದಾಳೆಯೇ ಎಂದು ವಿಚಾರಿಸುತ್ತ ಕೂತವರ ಕಣ್ಣು ಮೂಲೆಯಲ್ಲಿದ್ದ ಮಗುವಿನ ಕಡೆ ಹೋಯಿತು.

"ಇವಳು ಯಾಕೆ ಹೀಗೆ ಬಾಡಿದ್ದಾಳೆ?"

ಅಷ್ಟೇ ಸಾಕಾಯಿತು. ಹೊಲಿಗೆಯಕ್ಕನ ಕಣ್ಣು ತುಂಬಿತು. ಹಲ್ಲು, ಹುಳ, ಹೊಟ್ಟೆಕಿಚ್ಚು, ವಾಸನೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. "ಏನು ಅಂತಾನೇ ತಿಳೀತಿಲ್ಲ ನರ್ಸಮ್ಮ. ಬಣ್ಣದ ವಾಸನೆಯಿಂದ ಎಷ್ಟು ದೂರ ಇಟ್ಟಿದ್ದೀವಿ ಗೊತ್ತಾ? ಆ ಕೋಣೆ ಮುಖಾನೂ ನೋಡೋಕೆ ಬಿಟ್ಟಿಲ್ಲ."

ನರ್ಸಮ್ಮ ಎದ್ದು ಒಳಕೋಣೆ ಇಣುಕಿದರು. ತಿರುಗಿ ಬಂದು ಮುಂದಿನ ಕೋಣೆಯ ನಡುವೆ ನಿಂತರು. ಕಿಟಕಿಯ ಪಟ್ಟಿಯ ಮೇಲೆ ಬೆರಳೆಳೆದರು. ಬೆರಳಿಗೆ ತೆಳ್ಳಗೆ ಹಸಿರು ಹತ್ತಿತು.

"ಇದು ಯಾವ ಕಾಲದ ಬಣ್ಣ?"

"ಯಾರಿಗ್ಗೊತ್ತು? ಒಂದರ ಮೇಲೊಂದು ಬಳಿದಿದ್ದಾರೆ. ತುಂಬಾ ಹಳೇದು" ಎಂದರು ಮೊಳೆ ತಾತ. ಹೇಳುವಾಗ ಅವರಿಗೆ ಹೆಮ್ಮೆಯೇ ಇತ್ತು.

"ನೀರು ಹಾಕ್ದೆ, ಒಣಗಿದ್ದ ಹಾಗೇ ಉಜ್ಜುತ್ತಾ ಇದ್ದೀರಾ? ಮಗು ಎಲ್ಲಿರ್ತಾಳೆ ಆವಾಗ?"

"ಎಲ್ಲಿರ್ತಾಳೆ? ನನ್ನ ಹತ್ರಾನೇ ಇರ್ತಾಳೆ. ನಾನೇ ನೋಡ್ಕೊಳ್ಳೋದು."

ಆಗ ಬುಗುರಿ, ಎಲ್ಲರೂ ನೋಡುತ್ತಿದ್ದಂತೆಯೇ, ನೆಲ ಒರೆಸಿದ ಬೆರಳನ್ನು ಬಾಯಿಗಿಟ್ಟುಕೊಂಡು ಚೀಪಿದಳು.

ನರ್ಸಮ್ಮ ಬಗ್ಗಿ ಆ ಬೆರಳನ್ನು ಬಾಯಿಂದ ಬಿಡಿಸಿದರು. ಆಮೇಲೆ ಹೇಳಿದರು. "ತಾತ, ಹಳೇ ಎಣ್ಣೆಬಣ್ಣದಲ್ಲಿ ಸೀಸ ಇರ್ತಿತ್ತು. ಹೊಳಪು ಬರ್ಲಿ, ಬೇಗ ಒಣಗ್ಲಿ, ಬಿಸಿಲು ಮಳೆ ತಡೀಲಿ ಅಂತ ಹಾಕ್ತಿದ್ರು. ಕೆರೆದ್ರೆ ಆ ಸೀಸ ಧೂಳಾಗಿ ಬರುತ್ತೆ. ಮಕ್ಕಳ ಹೊಟ್ಟೆಗೆ ಹೋದ್ರೆ ಕಷ್ಟ. ಊಟ ಸೇರಲ್ಲ, ಹೊಟ್ಟೆನೋವು, ರಕ್ತ ಕಡಿಮೆ ಆಗುತ್ತೆ. ಹಾಗೇ ಬಿಟ್ರೆ ಬುದ್ಧಿ ಬೆಳವಣಿಗೆಗೂ ಪೆಟ್ಟು."

"ಸೀಸಾನಾ?" ಮೊಳೆ ತಾತ ಜೋರಾಗಿ ನಕ್ಕರು. "ಸೀಸದ ವಿಷ್ಯ ನನಗೆ ಹೇಳ್ತೀಯಾ ತಾಯಿ? ಅರ್ಧ ಆಯಸ್ಸು ಸೀಸದ ಮೊಳೆ ಎಣಿಸಿದೋನು ನಾನು. ಸೀಸ ಅಂದ್ರೆ ಬೂದು ಬಣ್ಣ, ಕೈಯಲ್ಲಿ ಹಿಡಿದ್ರೆ ಭಾರ. ಇದು ಹಸಿರು, ಊದಿದ್ರೆ ಹಾರುತ್ತೆ. ಇದು ಹೇಗೆ ಸೀಸ ಆಗುತ್ತೆ? ಮತ್ತೆ ನನಗೇನಾಗಿದೆ? ಕಲ್ಲುಗುಂಡಿನ ಹಾಗೆ ಇದ್ದೀನಿ."

ಹೊಲಿಗೆಯಕ್ಕ ಒಮ್ಮೆ ಮಾವನ ಮುಖ ನೋಡಿದಳು, ಒಮ್ಮೆ ನರ್ಸಮ್ಮನ ಮುಖ. ಮಾವ ಹೇಳುವುದೂ ಸರಿಯಾಗಿಯೇ ಕೇಳಿಸುತ್ತಿತ್ತು. ಅಷ್ಟು ವರ್ಷ ಸೀಸ ಮುಟ್ಟಿದವರಿಗೆ ಗೊತ್ತಿಲ್ಲದ್ದು ಈ ನರ್ಸಮ್ಮನಿಗೆ ಗೊತ್ತೇ? ಹಾಗಾದರೆ ವಾಸನೆಯ ಮಾತು ಸುಳ್ಳೇ? ಯಾರನ್ನು ನಂಬುವುದು?

"ಖಂಡಿತ ಇದೇ ಅಂತ ನಾನು ಹೇಳ್ತಿಲ್ಲ" ಎಂದರು ನರ್ಸಮ್ಮ. "ಧೂಳು ನೋಡಿ ಸೀಸ ಇದ್ಯಾ ಇಲ್ವಾ ಹೇಳೋಕೆ ನನಗೂ ಬರಲ್ಲ, ಯಾರಿಗೂ ಬರಲ್ಲ. ಮಗು ನೋಡಿಯೂ ಹೇಳೋಕಾಗಲ್ಲ. ಎಷ್ಟೋ ಮಕ್ಕಳಲ್ಲಿ ಹೊರಗೆ ಏನೂ ಕಾಣಿಸೋದೇ ಇಲ್ಲ. ರಕ್ತ ಪರೀಕ್ಷೆ ಮಾಡಿದ್ರೆ ಮಾತ್ರ ಗೊತ್ತಾಗುತ್ತೆ. ಅಲ್ಲ ಅಂತ ಬಂದ್ರೆ ನನ್ನಷ್ಟು ಖುಷಿ ಪಡೋರು ಯಾರೂ ಇಲ್ಲ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ನೀನೂ ಪರೀಕ್ಷೆ ಮಾಡಿಸ್ಕೋಬೇಕು, ಹೊಲಿಗೆಯಕ್ಕ. ತಾಯಿ ರಕ್ತದಿಂದ ಹೊಟ್ಟೇಲಿರೋ ಕೂಸಿಗೂ ಹೋಗುತ್ತೆ ಅದು. ಅಲ್ಲೀವರೆಗೆ ಕಿಟಕಿ ಮುಟ್ಟಬೇಡಿ ತಾತ."

"ಅರ್ಧ ಕೆರೆದಿರೋ ಕಿಟಕಿ ಹಾಗೇ ಬಿಡೋದಾ? ನೋಡಿದೋರು ನಗಲ್ವಾ?"

"ನಗಲಿ ಬಿಡಿ."

ಸಂಜೆ ಗಂಡ ಬಂದ ಮೇಲೆ ಮನೆಯಲ್ಲಿ ದೊಡ್ಡ ಮಾತುಕತೆ. ಅಪ್ಪ ಬೇಡ ಎನ್ನುತ್ತಾನೆ, ಹೆಂಡತಿ ಹೋಗೋಣ ಎನ್ನುತ್ತಾಳೆ. ಅವನಿಗೂ ಏನೂ ಹೊಳೆಯಲಿಲ್ಲ. "ಬಸ್ಸಲ್ಲಿ ಏನೋ ಸದ್ದು ಬಂದ್ರೆ ನಾನು ನಿಲ್ಲಿಸಿ ಇಳಿದು ನೋಡ್ತೀನಿ. ಏನೂ ಇಲ್ಲದಿದ್ರೆ ಮತ್ತೆ ಓಡಿಸ್ತೀನಿ. ನೋಡದೇ ಓಡಿಸೋನಲ್ಲ" ಎಂದ ಕೊನೆಗೆ. "ನಾಳೆ ಹೋಗೋಣ."

ಮೊಳೆ ತಾತನೂ ಹೊರಟರು. "ಏನೂ ಇಲ್ಲ ಅಂತ ಡಾಕ್ಟರ್ ಬಾಯಿಂದಾನೇ ಕೇಳ್ಬೇಕು" ಎಂದರು.

ಆಸ್ಪತ್ರೆಯಲ್ಲಿ ಬುಗುರಿಯ ಪುಟ್ಟ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆದರು. ಅವಳು ಕಿರುಚಿದ್ದು ಕೇಳಲಾರದೆ ತಾತ ಹೊರಗೆ ಎದ್ದು ಹೋದರು. ಹೊಲಿಗೆಯಕ್ಕನ ರಕ್ತವನ್ನೂ ತೆಗೆದುಕೊಂಡರು. ಫಲಿತಾಂಶ ಬಂದ ದಿನ ಮತ್ತೆ ಎಲ್ಲರೂ ಹೋದರು. ಮಕ್ಕಳ ಡಾಕ್ಟರಮ್ಮ ಬುಗುರಿಯನ್ನು ಮೇಜಿನ ಮೇಲೆ ಕೂರಿಸಿಕೊಂಡು ನೇರವಾಗಿ ಹೇಳಿದರು. "ಮಗು ರಕ್ತದಲ್ಲಿ ಸೀಸ ಇದೆ. ಇರಬಾರದಷ್ಟು ಇದೆ. ಅಮ್ಮನಲ್ಲೂ ಇದೆ, ಅವರಲ್ಲಿ ಕಡಿಮೆ."

ಗಂಡ ತಡವರಿಸಿದ. "ಅದು ಹೇಗೆ ಡಾಕ್ಟ್ರೇ? ನಾವು ಮಗೂನ ಬಣ್ಣದಿಂದ ದೂರಾನೇ ಇಟ್ಟಿದ್ವಲ್ಲ!"

"ಯಾವ ಬಣ್ಣದಿಂದ?"

ಅವರು ದೂರವಿಟ್ಟದ್ದು ಹೊಸ ಬಣ್ಣದಿಂದ. ಕರೆದು ಕೂರಿಸಿದ್ದು ಹಳೆಯ ಬಣ್ಣದ ಧೂಳಿನಲ್ಲಿ. ಹೊಗೆಗೆ ಹೆದರಿ ಮಗುವನ್ನು ಬೆಂಕಿಯ ಪಕ್ಕ ಮಲಗಿಸಿದಂತಾಗಿತ್ತು.

"ವಾಸನೆ ಬರೋ ಬಣ್ಣಾನೂ ಒಳ್ಳೇದಲ್ಲ, ಕಿಟಕಿ ತೆರೆದಿಟ್ಟು ಗಾಳಿ ಆಡೋಕೆ ಬಿಡ್ಬೇಕು, ಅದು ನಿಜ" ಎಂದರು ಡಾಕ್ಟರಮ್ಮ. "ಆದ್ರೆ ಸೀಸದ ಧೂಳಿಗೆ ವಾಸನೆ ಇರಲ್ಲ. ಕೆಲವು ಸಲ ರುಚಿ ಸ್ವಲ್ಪ ಸಿಹಿ ಇರುತ್ತೆ. ಅದಕ್ಕೇ ಮಕ್ಕಳು ಮತ್ತೆ ಮತ್ತೆ ನೆಕ್ಕೋದು. ದೊಡ್ಡವರಿಗಿಂತ ಮಕ್ಕಳ ಹೊಟ್ಟೆ ಸೀಸಾನ ಬೇಗ ಹೀರ್ಕೊಳ್ಳುತ್ತೆ."

ಮೊಳೆ ತಾತ ಕುರ್ಚಿಯಲ್ಲಿ ಕೂತಲ್ಲೇ ಕುಗ್ಗಿದ್ದರು. ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡರು.

"ನಮ್ಮ ಅಚ್ಚುಕೂಟದಲ್ಲಿ ಒಬ್ಬ ಮೇಸ್ತ್ರಿ ಇದ್ದ" ಎಂದರು ಮೆಲ್ಲಗೆ. "ಊಟದ ಹೊತ್ತಿಗೆ ಕೊಳಾಯಿ ಹತ್ರ ಕೋಲು ಹಿಡ್ಕೊಂಡು ನಿಲ್ತಿದ್ದ. ಸೋಪು ಹಚ್ಚಿ ಕೈ ತೊಳೀದೆ ಡಬ್ಬಿ ಮುಚ್ಚಳ ತೆಗೆದ್ರೆ ಏಟು. ನಾವೆಲ್ಲ ಬೈಕೊಂಡು ತೊಳೀತಿದ್ವಿ. ಮಡಿಗಾರ ಅಂತ ಹೆಸರಿಟ್ಟಿದ್ವಿ ಅವನಿಗೆ. ಯಾಕೆ ತೊಳೀಬೇಕು ಅಂತ ಅವನೂ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ." ಕೈಗಳನ್ನು ಮಡಿಲಿಗೆ ಇಳಿಸಿದರು. "ನಾನು ಉಳ್ಕೊಂಡಿದ್ದು ಅವನ ಕೋಲಿನಿಂದ. ನನ್ನ ಮೈ ಗಟ್ಟಿ ಅಂತ ಅಲ್ಲ."

ಆಮೇಲೆ ಅವರು ಕೇಳಿದ ಮಾತಿಗೆ ಹೊಲಿಗೆಯಕ್ಕ ತಲೆ ಬೇರೆ ಕಡೆ ತಿರುಗಿಸಬೇಕಾಯಿತು. "ಡಾಕ್ಟ್ರಮ್ಮ, ಈ ಕೂಸಿಗೆ ನಾನೇ ಉಣ್ಸಿದ ಹಾಗಾಯ್ತಲ್ಲ?"

"ಗೊತ್ತಿಲ್ದೆ ಆಗಿದ್ದು ತಾತ. ಈಗ ಗೊತ್ತಾಯ್ತು. ಇನ್ಮೇಲೇನು ಮಾಡ್ತೀವಿ ಅನ್ನೋದು ಮುಖ್ಯ" ಎಂದರು ಡಾಕ್ಟರಮ್ಮ. "ಮೊದಲ ಔಷಧಿ ಅಂದ್ರೆ ಧೂಳಿಂದ ದೂರ ಇಡೋದು. ಹಾಲು, ಮೊಟ್ಟೆ, ಸೊಪ್ಪು, ಕಾಳು ಚೆನ್ನಾಗಿ ತಿನ್ನಿಸಿ. ಹೊಟ್ಟೆ ಖಾಲಿ ಬಿಡ್ಬೇಡಿ. ರಕ್ತಕ್ಕೆ ಔಷಧಿ ಬರ್ಕೊಡ್ತೀನಿ. ಮತ್ತೆ ಪರೀಕ್ಷೆಗೆ ಕರ್ಕೊಂಡು ಬನ್ನಿ. ಇಳೀದೇ ಇದ್ರೆ ಇಲ್ಲೇ ಸೇರಿಸ್ಕೊಂಡು ಬೇರೆ ಚಿಕಿತ್ಸೆ ಕೊಡ್ತೀವಿ."

"ಪೂರ್ತಿ ಸರಿಹೋಗ್ತಾಳಾ?" ಎಂದು ಕೇಳಿದಳು ಹೊಲಿಗೆಯಕ್ಕ.

"ಇವತ್ತೇ ಹೇಳೋಕಾಗಲ್ಲಮ್ಮ. ಬೇಗ ಬಂದಿದ್ದೀರಿ, ಅದು ಒಳ್ಳೇದಾಯ್ತು."

ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಆ ಉತ್ತರವನ್ನೇ ಮಡಿಲಲ್ಲಿಟ್ಟುಕೊಂಡು ಹೊಲಿಗೆಯಕ್ಕ ಮಗುವಿನೊಡನೆ ನೇರವಾಗಿ ತನ್ನ ಅಕ್ಕನ ಮನೆಗೆ ಹೋದಳು. ಗಂಡ, ಮಾವ ಇಬ್ಬರೇ ಮನೆಗೆ ಮರಳಿದರು.

ಗಂಡನಿಗೆ ಕೋಪ. ಯಾರ ಮೇಲೆಂದು ಅವನಿಗೇ ತಿಳಿಯದು. ಬಂದವನೇ ಪೊರಕೆ ಎತ್ತಿಕೊಂಡ. "ಈ ಧೂಳು ಒಂದು ಕಣಾನೂ ಉಳೀಬಾರ್ದು" ಎಂದು ಗುಡಿಸಲು ಬಗ್ಗಿದ್ದೇ ತಡ, ಸುದ್ದಿ ವಿಚಾರಿಸಲು ಬಂದಿದ್ದ ನರ್ಸಮ್ಮ ಬಾಗಿಲಿನಿಂದಲೇ ಕೂಗಿದರು.

"ಪೊರಕೆ ಬಿಡಿ! ಗುಡಿಸಿದ್ರೆ ಧೂಳು ಹೋಗಲ್ಲ, ಎದ್ದು ಇನ್ನೊಂದು ಕಡೆ ಕೂರುತ್ತೆ. ಒದ್ದೆ ಬಟ್ಟೇಲಿ ಒರೆಸ್ಬೇಕು."

"ಗುಡಿಸೋದೂ ತಪ್ಪಾ? ಹಾಗಾದ್ರೆ ದೀಪದ ಬೆಂಕಿ ಹಿಡಿದು ಆ ಕಿಟಕಿ ಬಣ್ಣ ಸುಟ್ಟು ತೆಗೆದುಬಿಡ್ತೀನಿ. ಪೀಡೆ ಕಳೀಲಿ."

"ಅದು ಇನ್ನೂ ಕೆಟ್ಟದ್ದು. ಸುಟ್ಟರೆ ಹೊಗೇಲಿ ಬರುತ್ತೆ ಸೀಸ."

"ಕೆರೆಯೋ ಹಾಗಿಲ್ಲ, ಗುಡಿಸೋ ಹಾಗಿಲ್ಲ, ಸುಡೋ ಹಾಗಿಲ್ಲ! ಮತ್ತೇನು ಮಾಡೋದು ನರ್ಸಮ್ಮ, ಮನೆ ಬಿಟ್ಟು ಹೋಗೋದಾ?"

ನರ್ಸಮ್ಮ ಒಳಗೆ ಬಂದು ಅವನ ಕೈಯಿಂದ ಪೊರಕೆ ತೆಗೆದು ಮೂಲೆಗಿಟ್ಟರು. "ಮನೆ ಬಿಡ್ಬೇಡಿ, ಒಣ ಕೆಲಸ ಬಿಡಿ. ಎಲ್ಲಾನೂ ಒದ್ದೆ ಮಾಡ್ಕೊಂಡು ಮಾಡಿ. ಅಷ್ಟು ನೆನಪಿಟ್ಕೊಳ್ಳಿ, ಉಳಿದದ್ದು ನಾನು ಹೇಳ್ತೀನಿ."

ಮೂಗು ಬಾಯಿಗೆ ಮುಖಗವಸು ಕಟ್ಟಿಕೊಂಡು ಅಪ್ಪ ಮಗ ಇಬ್ಬರೂ ಕೆಲಸಕ್ಕಿಳಿದರು. ಒಂದು ಬಕೆಟ್ಟಿನಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರಿಯ ನೀರು. ಕಿಟಕಿಯ ಪಟ್ಟಿ, ನೆಲ, ಕಪಾಟಿನ ತಲೆ, ಹೊಲಿಗೆಯ ಯಂತ್ರದ ಕಾಲು ಎಲ್ಲವನ್ನೂ ಒರೆಸಿದರು. ನೀರು ಕಲಕಿದಾಗಲೆಲ್ಲ ಬದಲಿಸಿದರು. ಆ ನೀರನ್ನು ಅಂಗಳಕ್ಕೆ ಚೆಲ್ಲದೆ ಪಾಯಿಖಾನೆಗೆ ಸುರಿದರು. ಉದುರಿದ ಚಕ್ಕೆಗಳನ್ನೂ ಒರೆಸಿದ ಬಟ್ಟೆಗಳನ್ನೂ ಚೀಲದಲ್ಲಿ ಹಾಕಿ ಬಾಯಿ ಬಿಗಿದರು. ಬುಗುರಿಯ ಆಟದ ಸಾಮಾನುಗಳನ್ನು ಮೊಳೆ ತಾತ ತಾವೇ ಸೋಪು ಹಚ್ಚಿ ಒಂದೊಂದಾಗಿ ತೊಳೆದರು. ಒಂದು ಮರದ ಕುದುರೆಯ ಬಣ್ಣವೂ ಚಕ್ಕೆಯೆದ್ದಿತ್ತು. ಅದನ್ನು ತಿರುಗಿಸಿ ಮಗುಚಿ ನೋಡಿ, "ಇದೂ ಬೇಡ" ಎಂದು ಅದೇ ಚೀಲಕ್ಕೆ ಹಾಕಿದರು.

ಅರ್ಧ ಕೆರೆದ ಕಿಟಕಿಯನ್ನು ಹಾಗೆಯೇ ಬಿಡುವಂತಿರಲಿಲ್ಲ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಾಗಿಲಿಗೆ ಹಾಳೆ ಕಟ್ಟಿ, ಮರದ ಮೇಲೆ ನೀರು ಚಿಮುಕಿಸಿ, ಎದ್ದ ಚಕ್ಕೆಗಳನ್ನಷ್ಟೇ ಒದ್ದೆಯಾಗಿಯೇ ಎಬ್ಬಿಸಿದರು. ಗಟ್ಟಿಯಾಗಿ ಕಚ್ಚಿಕೊಂಡಿದ್ದ ಬಣ್ಣವನ್ನು ಕೆರೆಯಲಿಲ್ಲ. ಅದರ ಮೇಲೇ ಹೊಸ ಬಣ್ಣ ಬಳಿಯುವುದೆಂದು ನಿರ್ಧಾರವಾಯಿತು. ಕೆಲಸ ಮುಗಿದ ಮೇಲೆ ಬಾಗಿಲಲ್ಲೇ ಬಟ್ಟೆ ಬದಲಿಸಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆದು, ಕೈ ಮುಖ ತೊಳೆದೇ ನೀರು ಕುಡಿಯುತ್ತಿದ್ದರು.

ಹೊಸ ಬಣ್ಣಕ್ಕೆ ಅಂಗಡಿಗೆ ಹೋದಾಗ ಮೊಳೆ ತಾತನೇ ಮುಂದೆ ನಿಂತರು. "ಸೀಸ ಇಲ್ಲದ ಬಣ್ಣ ಕೊಡಪ್ಪಾ."

ಅಂಗಡಿಯವನು ಒಂದು ಡಬ್ಬಿ ಇಟ್ಟ. "ಇದು ವಾಸನೆ ಇಲ್ಲ, ತಾತ."

"ವಾಸನೆ ಕೇಳ್ಲಿಲ್ಲ, ಸೀಸ ಕೇಳ್ದೆ. ಸೀಸ ಹಾಕಿಲ್ಲ ಅಂತ ಡಬ್ಬಿ ಮೇಲೆ ಎಲ್ಲಿ ಬರೆದಿದೆ ತೋರ್ಸು."

ಅವನು ಡಬ್ಬಿ ತಿರುಗಿಸಿದ, ಮಗುಚಿದ. ಎಲ್ಲೂ ಬರೆದಿರಲಿಲ್ಲ. "ಈಗ ಯಾರು ಹಾಕ್ತಾರೆ ತಾತ ಸೀಸ?" ಎಂದ.

"ಹಾಕಲ್ಲ ಅಂದ್ರೆ ಹಾಕಿಲ್ಲ ಅಂತ ಬರೆಯೋಕೇನು ಕಷ್ಟ?"

ಮೂರನೆಯ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಅದು ಇತ್ತು. ಅದನ್ನೇ ತಂದರು.

ಬುಗುರಿ ತಾಯಿಯ ಅಕ್ಕನ ಮನೆಯಿಂದ ಮರಳಿದಾಗ ಊಟ ಮಾಡುತ್ತಿದ್ದಳು. ಅಳು ಕಡಿಮೆಯಾಗಿತ್ತು. ಮುಂದಿನ ಪರೀಕ್ಷೆಯಲ್ಲಿ ಸೀಸ ಇಳಿದಿತ್ತು. ಅದರ ಮುಂದಿನದರಲ್ಲಿ ಇನ್ನೂ ಇಳಿಯಿತು. ಆದರೂ ಪರೀಕ್ಷೆಗೆ ಬರುತ್ತಲೇ ಇರಬೇಕೆಂದಿದ್ದಾರೆ ಡಾಕ್ಟರಮ್ಮ. ಮಾತು ಹೇಗೆ ಬೆಳೆಯುತ್ತದೆ, ಕಲಿಕೆ ಹೇಗಾಗುತ್ತದೆ ಎಂದು ಇನ್ನು ಕೆಲವು ವರ್ಷ ಗಮನಿಸುತ್ತಾರಂತೆ. ಹೊಲಿಗೆಯಕ್ಕ ಈಗಲೂ ಒಮ್ಮೊಮ್ಮೆ ಹೊಲಿಗೆ ನಿಲ್ಲಿಸಿ ಮಗಳನ್ನೇ ನೋಡುತ್ತಾಳೆ. ಅವಳು ಒಂದು ಮಾತನ್ನು ತಪ್ಪಿ ಆಡಿದರೆ, ಇದು ವಯಸ್ಸಿನ ತೊದಲೋ, ಆ ಧೂಳಿನದೋ ಎಂದು ಗೊಂದಲವಾಗುತ್ತದೆ. ಆ ಗೊಂದಲ ಬೇಗ ಹೋಗುವಂಥದಲ್ಲ.

ಹೊಲಿಗೆಯಕ್ಕನಿಗೆ ಗಂಡುಮಗುವಾಯಿತು. ಹುಟ್ಟಿದೊಡನೆ ಅದನ್ನೂ ಪರೀಕ್ಷಿಸಿದರು. ಸದ್ಯಕ್ಕೆ ಹೆದರಬೇಕಾದ್ದೇನೂ ಇಲ್ಲ ಎಂದರು.

ಒಂದು ಬೆಳಿಗ್ಗೆ ಮೊಳೆ ತಾತ ಹಾಲು ತರಲು ಹೊರಟಿದ್ದರು. ಬೀದಿಯ ತಿರುವಿನಲ್ಲಿ ಇಸ್ತ್ರಿ ಅಂಗಡಿಯವನು ತನ್ನ ಮನೆಯ ಬಾಗಿಲನ್ನು ಉಜ್ಜುತ್ತಿದ್ದ. ಹಳೆಯ ಬಾಗಿಲು, ಹಳೆಯ ಕೆಂಪು ಬಣ್ಣ. ಹೊಸಿಲ ಮೇಲೆ ಅವನ ಹೆಂಡತಿ ಕೂಸಿಗೆ ಊಟ ಮಾಡಿಸುತ್ತಿದ್ದಳು. ತಾತ ಹಾಲಿನ ಪಾತ್ರೆಯನ್ನು ರಸ್ತೆಯಲ್ಲೇ ಇಟ್ಟು, ಹೋಗಿ ಅವನ ಕೈ ಹಿಡಿದುಕೊಂಡರು.

"ನಿಲ್ಲಿಸಪ್ಪಾ."

"ಏನ್ ತಾತ! ಬಣ್ಣ ಕೆರೀತಿದ್ದೀನಿ ಅಷ್ಟೇ. ನಮ್ಮಪ್ಪಾನೂ ಹೀಗೇ ಕೆರೀತಿದ್ರು, ನಮಗೇನಾಯ್ತು?"

"ನಾನೂ ಇದೇ ಮಾತು ಹೇಳ್ದೆ. ನಕ್ಕೊಂಡು ಹೇಳ್ದೆ" ಎಂದರು ತಾತ. "ಮೊದಲು ಕೂಸನ್ನ ಆ ಕಡೆ ಕರ್ಕೊಂಡು ಹೋಗು ತಾಯಿ. ಅದರ ಕೈ ಬಾಯಿ ತೊಳಿ. ಆಮೇಲೆ ಕೂತು ಹೇಳ್ತೀನಿ."

ಅವನು ನಂಬಿದನೋ ಇಲ್ಲವೋ, ತಾತನ ಮುಖ ನೋಡಿ ಉಪ್ಪುಕಾಗದ ಕೆಳಗಿಟ್ಟ. ಅವನ ಹೆಂಡತಿ ಆಗಲೇ ಕೂಸನ್ನು ಎತ್ತಿಕೊಂಡು ಕೊಳಾಯಿಯ ಕಡೆ ಹೊರಟಿದ್ದಳು.

ಓದುವ ಅಕ್ಕಂದಿರೇ, ಕೇಳುವ ಅಣ್ಣಂದಿರೇ, ನಿಮ್ಮ ಮನೆಯ ಬಾಗಿಲು ಕಿಟಕಿಗಳ ಬಣ್ಣದಲ್ಲಿ ಸೀಸ ಇದೆಯೋ ಇಲ್ಲವೋ ನಮಗೆ ತಿಳಿಯದು. ನಿಮಗೂ ತಿಳಿಯದು, ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಸಿಗುವುದಿಲ್ಲ. ಗೊಂದಲವಾದರೆ ನಾಚಿಕೆ ಬೇಡ. ಗೊತ್ತಿಲ್ಲದಿದ್ದರೆ, ಇದೆ ಎಂದೇ ತಿಳಿಯಿರಿ. ಹಳೆಯ ಬಣ್ಣವನ್ನು ಒಣಗಿರುವಾಗ ಕೆರೆಯಬೇಡಿ, ಸುಡಬೇಡಿ. ಒದ್ದೆ ಮಾಡಿ ತೆಗೆಯಿರಿ, ಒದ್ದೆ ಬಟ್ಟೆಯಲ್ಲೇ ಒರೆಸಿ. ಕೆಲಸ ಮುಗಿದು ಮನೆ ತೊಳೆಯುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ಬೇರೆ ಮನೆಯಲ್ಲಿಡಿ. ಪಕ್ಕದ ಕೋಣೆ ಸಾಲದು. ಕೊಳ್ಳುವಾಗ ಸೀಸವಿಲ್ಲದ ಬಣ್ಣವನ್ನೇ ಕೇಳಿ, ಬರೆದದ್ದನ್ನು ತೋರಿಸಿ ಎನ್ನಿ. ಈಗಾಗಲೇ ಕೆರೆದಿದ್ದರೆ, ಮಗು ಆಡಿಕೊಂಡೇ ಇದ್ದರೂ ಸರಿ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಗೋಡೆ ಇನ್ನೊಂದು ವರ್ಷ ಮಂಕಾಗಿದ್ದರೆ ಯಾರಿಗೂ ನಷ್ಟವಿಲ್ಲ. ಈಗ ಇದನ್ನು ಓದಿ ಕೆಳಗಿಡಿ. ನಿಮ್ಮ ಮಗು ಯಾವ ಕಿಟಕಿಯ ಕೆಳಗೆ ಕೂತಿದೆ, ಎದ್ದು ಹೋಗಿ ನೋಡಿ.